ಆಟಿಯ ಓದಿಗೆ ನಗಿಸುವ ಕಾದಂಬರಿ ಸಾಕಾ? ಪರ – ವಿರೋಧ

ನಮ್ಮ ಕುಟುಂಬದಲ್ಲಿ ಆರು ಹೆಂಗಸರು ಸೇರಿ ತಿಂಗಳಿಗೊಂದು ಪುಸ್ತಕ ಓದುತ್ತೇವೆ. ಆಟಿಗೆ, ಅಂದರೆ ಜುಲೈ–ಆಗಸ್ಟ್ ಮಳೆಗಾಲದಲ್ಲಿ ಬರುವ ತುಳುನಾಡಿನ ತಿಂಗಳಿಗೆ, ಯಾವುದು ಎನ್ನುವಲ್ಲಿ ಜಗಳ ಆಯಿತು. ಈ ಕಾಲದ ಹುಡುಗಿಯರ ಕೆಲಸ, ಪ್ರೀತಿ, ಪೇಚಾಟ ಎಲ್ಲವನ್ನೂ ನಗುನಗುತ್ತಾ ಹೇಳುವ ಹಗುರ ಕಾದಂಬರಿ ಇರುತ್ತದಲ್ಲ, ಇಂಗ್ಲಿಷಿನವರು ಚಿಕ್ ಲಿಟ್ ಅನ್ನುತ್ತಾರೆ, ಅದು ಬೇಕಾ ಬೇಡವಾ? ಪರವಾಗಿ ಬರೆದವಳು ಮಂಗಳೂರಿನಲ್ಲಿರುವ ಕಿರಿ ಸೊಸೆ. ವಿರೋಧ ಬರೆದದ್ದು ಉಡುಪಿಯಲ್ಲಿರುವ ಅವಳ ಅತ್ತಿಗೆ.

ಪರ: ಕಷಾಯ ಕುಡಿದಾಯ್ತು, ಇನ್ನು ಗಂಜಿ ಕೊಡಿ

ನಾನು ಓದುವುದು ಬಸ್ಸಿನಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪುಸ್ತಕ ಒಳ್ಳೆಯದಾ ಅಂತ ಕೇಳುವವರು ಅದನ್ನು ಎಲ್ಲಿ ಕೂತು ಓದುತ್ತೀ ಅಂತಲೂ ಕೇಳಬೇಕು. ಬೆಳಿಗ್ಗೆ ಏಳೂಕಾಲಿಗೆ ಕೊಟ್ಟಾರ ಚೌಕಿಯಲ್ಲಿ ಎಕ್ಸ್‌ಪ್ರೆಸ್ ಹತ್ತುತ್ತೇನೆ. ಸುರತ್ಕಲ್‌ವರೆಗೆ ನಿಂತೇ ಇರುವುದು. ಮೂಲ್ಕಿಯಲ್ಲಿ ಸೀಟು ಸಿಕ್ಕರೆ ಪುಣ್ಯ. ಜುಲೈ ಮಳೆಗೆ ಕಿಟಕಿಯೆಲ್ಲ ಮುಚ್ಚಿರುತ್ತದೆ, ಪಕ್ಕದವರ ಕೊಡೆಯ ನೀರು ನನ್ನ ಚಪ್ಪಲಿಗೆ ಇಳಿಯುತ್ತಿರುತ್ತದೆ, ಪಡುಬಿದ್ರಿಯಲ್ಲಿ ಡ್ರೈವರ್ ಹಾಕಿದ ಬ್ರೇಕಿಗೆ ಇಡೀ ಬಸ್ಸು ಒಮ್ಮೆ ಮುಂದಕ್ಕೆ ಬಾಗಿ ಹಿಂದಕ್ಕೆ ಬರುತ್ತದೆ. ಅಂಥಲ್ಲಿ ಒಂದೊಂದು ಪ್ಯಾರಾವನ್ನೂ ಮೂರು ಸಲ ಓದಬೇಕಾದ ಪುಸ್ತಕ ಹಿಡಿದು ನಾನು ಎಂತ ಮಾಡ್ಲಿ ಮಾರಾಯ್ರೆ?

ಕಳೆದ ನಾಲ್ಕು ತಿಂಗಳು ನಾವು ಓದಿದ್ದು ಏನೇನು? ಒಂದು ಸಾವು, ಒಂದು ಕೋರ್ಟು ಕೇಸು, ಒಂದು ಬರಗಾಲ, ಮತ್ತೆ ಸಾವು. ಎಲ್ಲವೂ ಒಳ್ಳೆಯ ಪುಸ್ತಕಗಳೇ, ನಾನು ಅತ್ತಿದ್ದೇನೆ ಕೂಡ. ಆದರೆ ಆಟಿ ಅಮಾವಾಸ್ಯೆ ದಿನ ಪಾಲೆ ಮರದ ಕೆತ್ತೆಯ ಕಷಾಯ ಕುಡಿಸಿದ ಮೇಲೆ ಮೆಂತೆ ಗಂಜಿ ಕೊಡುತ್ತಾರೆ, ಕಷಾಯದ ಉಷ್ಣ ಇಳಿಯಲಿ ಅಂತ. ಗಂಜಿ ಕೇಳಿದವರಿಗೆ ಯಾರೂ ‘ನಿನಗೆ ಗಾಂಭೀರ್ಯ ಇಲ್ಲ’ ಅನ್ನುವುದಿಲ್ಲ ಅಲ್ವಾ? ಪುಸ್ತಕದ ವಿಷಯಕ್ಕೆ ಮಾತ್ರ ವರ್ಷವಿಡೀ ಕಷಾಯವೇ ಕುಡಿಯಬೇಕು.

ನನ್ನ ಅಜ್ಜಿ ಹೆಚ್ಚು ಓದಿದವರಲ್ಲ. ಆದರೆ ವಾರಪತ್ರಿಕೆ ಬಂದರೆ ಮೊದಲು ಅವರ ಕೈಗೇ ಹೋಗಬೇಕು. ಧಾರಾವಾಹಿಯ ಹಾಳೆಗಳನ್ನು ಮಾತ್ರ ಜೋಪಾನವಾಗಿ ಬಿಡಿಸಿ, ಅಕ್ಕಿಡಬ್ಬದ ಮೇಲೆ ಒಟ್ಟಿ, ಕಾದಂಬರಿ ಮುಗಿದ ಮೇಲೆ ದಬ್ಬಣದಲ್ಲಿ ಗೋಣಿದಾರ ಪೋಣಿಸಿ ಹೊಲಿಯುತ್ತಿದ್ದರು. ರಟ್ಟು ಇಲ್ಲ, ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ. ಅಂಥ ಹನ್ನೊಂದು ಪುಸ್ತಕ ಈಗಲೂ ಅಮ್ಮನ ಕಪಾಟಿನಲ್ಲಿ ಉಂಟು. ಅದರಲ್ಲಿ ಒಂದಕ್ಕೆ ನಡುವೆ ಎರಡು ಕಂತು ಇಲ್ಲ. ಆ ಎರಡು ವಾರದ ಹಾಳೆಯಲ್ಲಿ ಯಾರೋ ಒಣಮೀನು ಕಟ್ಟಿ ಕಳಿಸಿದ್ದರಂತೆ. ಹಾಗಾಗಿ ನಾಯಕಿ ಒಂದು ಕಡೆ ಮದುವೆ ಬೇಡ ಅಂತ ಬಾಗಿಲು ಹಾಕಿಕೊಳ್ಳುತ್ತಾಳೆ, ಪುಟ ತಿರುಗಿಸಿದರೆ ಮಗುವಿಗೆ ನಾಮಕರಣ! ನಡುವೆ ಏನಾಯಿತು ಅಂತ ಅಜ್ಜಿ ಒಂದು ಥರ ಹೇಳುತ್ತಿದ್ದರು, ಅಮ್ಮ ಇನ್ನೊಂದು ಥರ, ನಾನು ನನ್ನ ಮಗಳಿಗೆ ಮೂರನೆಯ ಥರ ಹೇಳಿದ್ದೇನೆ. ಸುಧಾ ಶುರುವಾದದ್ದು 1965ರಲ್ಲಿ. ನಮ್ಮ ಮಣಿಪಾಲದಿಂದಲೇ ತರಂಗ ಬರತೊಡಗಿದ್ದು 1983ರಲ್ಲಿ. ಈ ಕಡೆಯ ಎಷ್ಟೋ ಮನೆಗಳ ಹೆಂಗಸರಿಗೆ ಓದಿನ ಹುಚ್ಚು ಹಿಡಿದದ್ದು ಇಂಥ ಪತ್ರಿಕೆಗಳಿಂದ, ದೊಡ್ಡ ಗ್ರಂಥಗಳಿಂದಲ್ಲ.

ಆ ಕಡೆ ಇಂಗ್ಲೆಂಡಿನಲ್ಲೂ ಅಷ್ಟೇ. ಇಂಥ ಕಾದಂಬರಿಗಳ ಮಾತು ಬಂದಾಗೆಲ್ಲ ಮೊದಲು ಹೇಳುವ ಹೆಸರು ಬ್ರಿಜೆಟ್ ಜೋನ್ಸ್‌ಳ ದಿನಚರಿ. ಅದು ಶುರುವಾದದ್ದು 1995ರಲ್ಲಿ ಒಂದು ದಿನಪತ್ರಿಕೆಯ ಅಂಕಣವಾಗಿ, ಪುಸ್ತಕವಾದದ್ದು ಮರುವರ್ಷ. ದಿನಾ ಬೆಳಿಗ್ಗೆ ತೂಕ ಎಷ್ಟು, ಸಿಗರೇಟು ಎಷ್ಟು ಅಂತ ಬರೆದುಕೊಂಡು ನಾಳೆಯಿಂದ ಸರಿಯಾಗುತ್ತೇನೆ ಅನ್ನುವ ಒಬ್ಬ ಹೆಂಗಸು. ಸಿಗರೇಟು ಬಿಡಿ, ನಾಳೆಯಿಂದ ವಾಕಿಂಗ್ ಅಂತ ಹೇಳದವರು ನಮ್ಮ ಆರು ಜನರಲ್ಲಿ ಯಾರಿದ್ದೀರಿ?

ಹಗುರ ಅಂದ ಮಾತ್ರಕ್ಕೆ ಸಿಕ್ಕಿದ್ದೆಲ್ಲ ಓದುವವಳಲ್ಲ ನಾನು. ಆರಿಸುವುದಕ್ಕೆ ನನ್ನದೇ ಲೆಕ್ಕ ಉಂಟು. ಮುಖಪುಟ ನಂಬುವುದಿಲ್ಲ, ಎಲ್ಲವೂ ಒಂದೇ ಗುಲಾಬಿ. ಹಿಂದಿನ ರಟ್ಟಿನ ಹೊಗಳಿಕೆ ಮೊದಲೇ ನಂಬುವುದಿಲ್ಲ. ಅಂಗಡಿಯಲ್ಲಿ ನಿಂತು ನಡುವೆ ಎಲ್ಲಾದರೂ ತೆರೆದು ನಾಲ್ಕು ಪುಟ ಓದುತ್ತೇನೆ, ಮೊದಲ ಅಧ್ಯಾಯವನ್ನು ಎಲ್ಲರೂ ತಿದ್ದಿ ತೀಡಿ ಇಟ್ಟಿರುತ್ತಾರೆ, ನಡುವೆ ಬಣ್ಣ ಗೊತ್ತಾಗುತ್ತದೆ. ಇಬ್ಬರು ಹೆಂಗಸರು ಗಂಡಸಿನ ವಿಷಯ ಬಿಟ್ಟು ಬೇರೇನಾದರೂ ಮಾತಾಡುತ್ತಾರಾ? ನಾಯಕಿ ಕೆಲಸಕ್ಕೆ ಹೋಗುತ್ತಾಳೆ ಅಂದರೆ ಆಫೀಸಿನಲ್ಲಿ ನಿಜವಾಗಿ ಏನು ಮಾಡುತ್ತಾಳೆ ಅಂತ ಕಾಣುತ್ತದಾ? ಎಡವುವುದು ಅವಳೇ, ಎದ್ದು ನಿಲ್ಲುವುದೂ ಅವಳೇನಾ, ಅಥವಾ ಕೊನೆಗೆ ಕಾರಿನಲ್ಲಿ ಯಾರೋ ಬಂದು ಎತ್ತುತ್ತಾರಾ? ಕಾರು ಬಂದರೆ ವಾಪಸ್ ಇಡುತ್ತೇನೆ.

ಹೋದ ತಿಂಗಳು ಹೀಗೇ ಆರಿಸಿದ್ದು, 399 ರೂಪಾಯಿ. ನಾಯಕಿ ಮ್ಯಾನೇಜರನ್ನು ಬೈದು ಗೆಳತಿಗೆ ಕಳಿಸಬೇಕಿದ್ದ ಮೆಸೇಜನ್ನು ಇಡೀ ಆಫೀಸಿನ ಗ್ರೂಪಿಗೆ ಕಳಿಸಿಬಿಡುತ್ತಾಳೆ. ಕಾಪು ದಾಟುವಾಗ ಇದನ್ನು ಓದಿ ಜೋರಾಗಿ ನಕ್ಕುಬಿಟ್ಟೆ. ಪಕ್ಕದಲ್ಲಿ ಮಲ್ಲಿಗೆಯ ಬುಟ್ಟಿ ತೊಡೆ ಮೇಲೆ ಇಟ್ಟುಕೊಂಡಿದ್ದ ಹೆಂಗಸು ‘ಎಂತ ಅಕ್ಕ, ನಗುವುದು?’ ಅಂದರು. ಕತೆ ಹೇಳಿದೆ. ಅವರು ಬುಟ್ಟಿ ಹಿಡಿದುಕೊಂಡೇ ನಕ್ಕರು. ಕಟಪಾಡಿ ಬಂತು, ಇಳಿಯಬೇಕು, ಕಂಡಕ್ಟರ್ ವಿಸಿಲ್ ಊದುತ್ತಿದ್ದಾನೆ, ಇವರು ಮೆಟ್ಟಿಲ ಮೇಲೆ ನಿಂತು ‘ಮ್ಯಾನೇಜರ್ ಎಂತ ಹೇಳಿದ? ನಾಳೆ ಇದೇ ಬಸ್ಸಾ ನೀವು?’ ಅಂತ ಕೇಳುತ್ತಿದ್ದಾರೆ.

ಅತ್ತಿಗೆ, ನಾವು ಓದಿದ ಬರಗಾಲದ ಪುಸ್ತಕದ ಬಗ್ಗೆ ಯಾರಾದರೂ ನಿಮ್ಮನ್ನು ಹೀಗೆ ಕೇಳಿದ್ದಾರಾ?

ವಿರೋಧ: ಗಂಜಿ ಬೇಯಿಸಿದವರು ಯಾರು?

ಕೇಳಿಲ್ಲ. ಒಪ್ಪಿದೆ. ಬಸ್ಸಿನ ಮಾತನ್ನೂ ಒಪ್ಪಿದೆ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು ಅಂದ ಕೂಡಲೇ ಇವಳಿಗೆ ನಗು ಆಗುವುದಿಲ್ಲ ಅಂತ ನಮ್ಮ ತಮ್ಮನ ಹೆಂಡತಿ ತಿಳಿದಿದ್ದಾಳೆ. ಅವಳ ಆ ಗುಲಾಬಿ ಪುಸ್ತಕವನ್ನು ನಾನು ಪೆನ್ಸಿಲ್ ಹಿಡಿದೇ ಓದಿದೆ. ಎರಡು ಕಡೆ ನಗು ಬಂತು, ಮೆಸೇಜಿನ ಜಾಗವೂ ಸೇರಿ.

ಆದರೆ ಒಂದು ಲೆಕ್ಕ ಹಾಕಿದೆ. ಆ ನಾಯಕಿ ಪುಸ್ತಕದಲ್ಲಿ ಹದಿನೇಳು ಸಲ ಊಟ ಮಾಡುತ್ತಾಳೆ, ತಿಂಡಿ ಬೇರೆ. ಒಂದು ಸಲವೂ ಯಾರೂ ತಟ್ಟೆ ತೊಳೆಯುವುದಿಲ್ಲ. ಪಾತ್ರೆ ತನ್ನಷ್ಟಕ್ಕೆ ಮಾಯ. ಮನೆಗೆಲಸಕ್ಕೆ ಬರುವವಳೊಬ್ಬಳು ಇದ್ದಾಳೆ, ಎರಡೇ ಪುಟ, ಎರಡೂ ಸಲ ಅವಳು ಇಂಗ್ಲಿಷ್ ಶಬ್ದ ತಪ್ಪು ಹೇಳಿ ನಮ್ಮನ್ನು ನಗಿಸಬೇಕು. ಅವಳ ಹೆಸರು ಮೊದಲ ಸಲ ಒಂದು, ಎರಡನೇ ಸಲ ಇನ್ನೊಂದು. ಬರೆದವರಿಗೂ ನೆನಪಿಲ್ಲ, ತಿದ್ದಿದವರಿಗೂ ಇಲ್ಲ. ಅಂಗಡಿಯಲ್ಲಿ ನಿಂತು ನಾಲ್ಕು ಪುಟ ಓದಿ ಅಷ್ಟೆಲ್ಲ ಪ್ರಶ್ನೆ ಕೇಳುವವಳು ಇದೊಂದನ್ನು ಯಾಕೆ ಕೇಳಲಿಲ್ಲ? ಯಾರನ್ನು ನೋಡಿ ನಗಬೇಕು ಅಂತ ಈ ಪುಸ್ತಕ ಹೇಳುತ್ತದೆ ಅಂತ. ನಾಯಕಿ ತನ್ನನ್ನೇ ನೋಡಿ ನಕ್ಕರೆ ಸರಿ. ಮ್ಯಾನೇಜರನ್ನು ನೋಡಿ ನಕ್ಕರೆ ಇನ್ನೂ ಸರಿ. ಮೆಂತೆ ಗಂಜಿ ಅಂತ ಚೆಂದದ ಹೋಲಿಕೆ ಕೊಟ್ಟಳಲ್ಲ, ಆ ಗಂಜಿ ಬೇಯಿಸಲು ನಮ್ಮ ಮನೆಯಲ್ಲಿ ಬೆಳಿಗ್ಗೆ ನಾಲ್ಕೂವರೆಗೆ ಎದ್ದವರು ಇದ್ದಾರೆ. ಅವಳು ಹೇಳುವ ಕಾದಂಬರಿಯಲ್ಲಿ ಅವರಿಗೆ ಜಾಗ ಇಲ್ಲ.

ಅಜ್ಜಿ ಹೊಲಿದ ಪುಸ್ತಕಗಳ ಮಾತು. ಅದು ನನಗೂ ಇಷ್ಟ, ಓದಿ ಕಣ್ಣು ಒದ್ದೆಯಾಯಿತು. ಆದರೆ ಅದನ್ನು ತನ್ನ ಕಡೆಗೆ ಎಳೆದುಕೊಂಡದ್ದು ಸರಿಯಲ್ಲ. ಆ ಕಾಲದ ಹೆಂಗಸರ ಬರವಣಿಗೆಯನ್ನು ‘ಅಡುಗೆಮನೆ ಸಾಹಿತ್ಯ’ ಅಂತ ದೊಡ್ಡವರು ಮೂಗು ಮುರಿದದ್ದು ಹೌದು. ಆದರೆ ಒಳಗೆ ಏನಿತ್ತು? 1963ರಲ್ಲಿ, 35 ತುಂಬುವ ಮೊದಲೇ ತೀರಿಕೊಂಡ ತ್ರಿವೇಣಿಯವರ ಶರಪಂಜರ ತೆಗೆದು ನೋಡಿ. ಮನಸ್ಸಿನ ಕಾಯಿಲೆ ಗುಣವಾಗಿ ಮನೆಗೆ ಬಂದವಳನ್ನು ಮನೆಯವರು ಹುಚ್ಚಿ ಅಂತಲೇ ನೋಡುವ ಕತೆ. ಭಾಷೆ ನೀರು ಕುಡಿದ ಹಾಗೆ, ಬಸ್ಸಿನಲ್ಲೂ ಓದಬಹುದು. ನಮ್ಮ ಮಂಗಳೂರಿನಲ್ಲೇ ಇದ್ದ ಸಾರಾ ಅಬೂಬಕ್ಕರ್ ಅವರ ಚಂದ್ರಗಿರಿಯ ತೀರದಲ್ಲಿ ಕೂಡ ಲಂಕೇಶ್ ಪತ್ರಿಕೆಯಲ್ಲಿ ವಾರವಾರ ಬಂದದ್ದು. ನಾನು ಅದನ್ನು ಸ್ಟಾಫ್ ರೂಮಿನಲ್ಲಿ, ಉತ್ತರಪತ್ರಿಕೆಗಳ ಅಡಿಯಲ್ಲಿ ಇಟ್ಟುಕೊಂಡು ಓದಿದೆ. ತಲಾಖ್ ಸಿಕ್ಕಿದ ಹುಡುಗಿಯ ಆ ಕತೆಯನ್ನು ಯಾರಾದರೂ ಹಗುರ ಅನ್ನಲಿ ನೋಡುವ. ಓದಲು ಸುಲಭ ಇರುವುದು ಒಂದು, ಹಗುರ ಇರುವುದು ಬೇರೆಯೇ ಒಂದು. ಇವಳು ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದಾಳೆ.

ನಗುವೇ ಬೇಕಾ? ಹೆಂಗಸರ ನಗುವಿಗೆ ಕನ್ನಡದಲ್ಲಿ ಬರ ಇಲ್ಲ ಮಾರಾಯ್ತಿ. 1942ರಲ್ಲಿ ಶುರುವಾದ ಹಾಸ್ಯಪತ್ರಿಕೆ ಕೊರವಂಜಿಯಲ್ಲಿ ಟಿ. ಸುನಂದಮ್ಮ ಬರೆಯುತ್ತಿದ್ದರು, ಗಂಡ, ಮನೆ, ನೆಂಟರು, ಖರ್ಚು, ಎಲ್ಲ ನಮ್ಮದೇ ಸಾಮಾನು. ಇಲ್ಲೇ ಮಣಿಪಾಲದಲ್ಲಿ ವೈದೇಹಿಯವರಿದ್ದಾರೆ. ಕ್ರೌಂಚ ಪಕ್ಷಿಗಳು ಸಂಕಲನಕ್ಕೆ 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು ಅಂತ ಎಲ್ಲರೂ ಹೇಳುತ್ತಾರೆ, ಅವರ ಕತೆಗಳಲ್ಲಿ ಕುಂದಾಪುರದ ಹೆಂಗಸರು ಮಾತಿಗೆ ಕೂತರೆ ಎಷ್ಟು ನಗು ಬರುತ್ತದೆ ಅಂತ ಯಾರೂ ಹೇಳುವುದಿಲ್ಲ. ಅಲ್ಲಿ ಪಾತ್ರೆ ತೊಳೆಯುವವಳೂ ನಗುತ್ತಾಳೆ, ನಮ್ಮನ್ನು ನೋಡಿ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ಈಗಿನ ಕಾಲದ ಹುಡುಗಿಯ ಬಗ್ಗೆ ಈ ಥರದ ನಗುವ ಕಾದಂಬರಿ ಅಂತ ಇವಳು ಅಂಗಡಿಯಿಂದ ತರುವುದೆಲ್ಲ ಇಂಗ್ಲಿಷಿನದ್ದು. ನಮ್ಮ ಆರು ಜನರಲ್ಲಿ ದೊಡ್ಡಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಚಿಕ್ಕಮ್ಮ ಓದುತ್ತಾರೆ, ಪುಟಕ್ಕೆ ಹತ್ತು ನಿಮಿಷ. ‘ನಾನು ಕತೆ ಹೇಳುತ್ತೇನೆ, ಬಸ್ಸಿನಲ್ಲಿ ಹೇಳಿದ ಹಾಗೆ’ ಅಂತಾಳೆ. ಹೇಳಲಿ, ಅವಳಿಗೆ ಹೇಳುವ ಕಲೆ ಉಂಟು. ಆದರೆ ಐದು ಜನ ಓದಿ ಒಬ್ಬರು ಕೇಳುವುದಾದರೆ ದೊಡ್ಡಮ್ಮ ಮತ್ತೆ ಪತ್ರೊಡೆ ಸುತ್ತುವ ಕಡೆಗೇ ಹೋಗಿ ಕೂರುತ್ತಾರೆ, ನಾವು ನಗುವುದು ಒಳಗಿಂದ ಕೇಳಿಸುತ್ತದೆ, ಅಷ್ಟೇ. ಮೊನ್ನೆ ಕೇಳಿದೆ, ನಿಮಗೆ ಎಂಥದ್ದು ಓದಬೇಕು ದೊಡ್ಡಮ್ಮ ಅಂತ. ‘ನಗುವಂಥದ್ದೇ ಇರಲಿ, ಅಕ್ಷರ ದೊಡ್ಡದಿರಲಿ’ ಅಂದರು. ಹಾಗಾಗಿ ಈ ವಾದದಲ್ಲಿ ನಾನು ಅರ್ಧ ಸೋತ ಹಾಗೆಯೇ.

ಭಾನುವಾರಕ್ಕೆ ನಾನು ಸುನಂದಮ್ಮನವರ ಹಳೆಯ ಪ್ರತಿ ಹುಡುಕಿ ತರುತ್ತೇನೆ, ಸಿಗದಿದ್ದರೆ ವೈದೇಹಿ. ಗುಲಾಬಿ ಪುಸ್ತಕ ಅವಳ ಬ್ಯಾಗಿಗೆ ವಾಪಸ್ ಹಾಕಿದ್ದೇನೆ. 212ನೇ ಪುಟದಲ್ಲಿ ಒಂದು ಬಸ್ ಟಿಕೇಟು ಸಿಕ್ಕಿಸಿ ಇಟ್ಟಿದ್ದಳು, ಹಿಂದೆ ಪೆನ್ನಿನಲ್ಲಿ ‘ಮ್ಯಾನೇಜರ್ ಸಾರಿ ಹೇಳಿದ, ಕಟಪಾಡಿಯವರಿಗೆ ಹೇಳಬೇಕು’ ಅಂತ ಬರೆದಿತ್ತು. ಅದನ್ನು ಅಲ್ಲೇ ಬಿಟ್ಟಿದ್ದೇನೆ.