ಹಳೇ ಸಿನಿಮಾಕ್ಕೆ ಮುಂಚಿನ ಆ ನಾಲ್ಕು ಮಾತು

ರಾಬರ್ಟ್ ಆಸ್ಬರ್ನ್ ಮೇಲೋ, ಬೆನ್ ಮ್ಯಾಂಕವಿಟ್ಸ್ ಮೇಲೋ? ಹಳೆಯ ಹಾಲಿವುಡ್ ಸಿನಿಮಾದ ಹುಚ್ಚು ಹತ್ತಿಸಿಕೊಂಡವರು ನಾಲ್ಕು ಜನ ಸೇರಿದರೆ ಈ ಜಗಳ ಬಂದೇ ಬರುತ್ತದೆ. ನಮ್ಮಲ್ಲಿ ಪಿಬಿಎಸ್ಸೋ ಎಸ್‌ಪಿಬಿಯೋ ಅಂತ ಕಿತ್ತಾಡುತ್ತಾರಲ್ಲ, ಹಾಗೆ. ತಮಾಷೆಯೆಂದರೆ ಇವರಿಬ್ಬರೂ ಹಾಡಿದವರಲ್ಲ, ನಟಿಸಿ ಹೆಸರು ಮಾಡಿದವರೂ ಅಲ್ಲ. ಟಿವಿಯಲ್ಲಿ ಸಿನಿಮಾ ಶುರುವಾಗುವ ಮುಂಚೆ ಬಂದು ನಾಲ್ಕು ಮಾತಾಡಿ ಪಕ್ಕಕ್ಕೆ ಸರಿಯುವವರು.

ಗೊತ್ತಿಲ್ಲದವರಿಗೆ: ಅಮೆರಿಕದಲ್ಲಿ ಟರ್ನರ್ ಕ್ಲಾಸಿಕ್ ಮೂವೀಸ್, ಚಿಕ್ಕದಾಗಿ ಟಿಸಿಎಂ, ಅಂತ ಒಂದು ಚಾನೆಲ್ ಇದೆ. 1994ರ ಏಪ್ರಿಲ್ 14ರಂದು ‘ಗಾನ್ ವಿತ್ ದ ವಿಂಡ್’ ಹಾಕಿ ಶುರು ಮಾಡಿದರು. ಅಲ್ಲಿ ಸಿನಿಮಾದ ಮಧ್ಯೆ ಜಾಹೀರಾತು ಇಲ್ಲ, ಕತ್ತರಿಯೂ ಇಲ್ಲ. ಚಾನೆಲ್ ಕಟ್ಟಿದ ಟೆಡ್ ಟರ್ನರ್ 1986ರಲ್ಲಿ ಎಂಜಿಎಂ ಎಂಬ ಹಾಲಿವುಡ್ ಸಿನಿಮಾ ಕಂಪನಿ ಕೊಂಡು, ಸಾಲ ತೀರಿಸಲಾಗದೆ ಬಹುಪಾಲು ಮಾರಿ, ಹಳೆಯ ಸಿನಿಮಾಗಳ ಭಂಡಾರವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಅದೇ ಈ ಚಾನೆಲ್ಲಿನ ಬಂಡವಾಳ. ತೊಂಬತ್ತರ ದಶಕದಲ್ಲಿ ಕೇಬಲ್ ಹಾಕಿಸಿಕೊಂಡಿದ್ದ ನಮ್ಮ ಮನೆಗಳಿಗೂ ಅದರ ಚೂರುಪಾರು ತಲುಪಿತ್ತು. ಕಾರ್ಟೂನ್ ನೆಟ್‌ವರ್ಕ್ ಮುಗಿದ ಮೇಲೆ ಅದೇ ನಂಬರಿನಲ್ಲಿ ಟರ್ನರ್ ಅವರದೇ ಟಿಎನ್‌ಟಿ ಚಾನೆಲ್ ಬರುತ್ತಿತ್ತು, ನೆನಪಿದೆಯಾ? ಟಾಮ್ ಅಂಡ್ ಜೆರ್ರಿ ಹೋಗಿ ಕಪ್ಪುಬಿಳುಪಿನ ಯಾರೋ ಬಂದು ಇಂಗ್ಲಿಷಿನಲ್ಲಿ ಮಾತಾಡತೊಡಗಿದರೆ ಮಕ್ಕಳೆಲ್ಲ ಎದ್ದು ಹೋಗುತ್ತಿದ್ದರು.

ಇದೇ ಟರ್ನರ್ ಕಪ್ಪುಬಿಳುಪು ಸಿನಿಮಾಗಳಿಗೆ ಕಂಪ್ಯೂಟರಿನಲ್ಲಿ ಬಣ್ಣ ಬಳಿಸಿ ಬೈಸಿಕೊಂಡವರೂ ಹೌದು. ಜಾನ್ ಹ್ಯೂಸ್ಟನ್‌ನಂಥ ನಿರ್ದೇಶಕರು ಬಹಿರಂಗವಾಗಿಯೇ ತಿರುಗಿಬಿದ್ದಿದ್ದರು. ನಮ್ಮಲ್ಲಿ 2008ರಲ್ಲಿ ‘ಸತ್ಯ ಹರಿಶ್ಚಂದ್ರ’, 2014ರಲ್ಲಿ ‘ಕಸ್ತೂರಿ ನಿವಾಸ’ ಬಣ್ಣ ಹಚ್ಚಿಕೊಂಡು ಬಂದಾಗ ನಾವು ಶಿಳ್ಳೆ ಹೊಡೆದು ಬರಮಾಡಿಕೊಂಡೆವು. ನನಗೆ ಇವತ್ತಿಗೂ ಅದು ಹಿಡಿಸಿಲ್ಲ. ಇರಲಿ, ಅದು ಬೇರೆ ಜಗಳ.

ಆಸ್ಬರ್ನ್ ವಾಷಿಂಗ್ಟನ್ ರಾಜ್ಯದ ಕೋಲ್‌ಫ್ಯಾಕ್ಸ್ ಎಂಬ ಸಣ್ಣ ಊರಿನವರು. ನಟನಾಗಲು ಬಂದವರಿಗೆ ‘ನೀನು ಬರೆಯುವ ಕಡೆ ಹೋಗಪ್ಪ’ ಅನ್ನುವ ಬುದ್ಧಿವಾದ ಸಿಕ್ಕಿದ್ದು ಟಿವಿಯ ಹೆಸರಾಂತ ಹಾಸ್ಯನಟಿ ಲೂಸಿಲ್ ಬಾಲ್ ಅವರಿಂದ. ಆಸ್ಕರ್ ಇತಿಹಾಸ ಬರೆದರು, ಪತ್ರಿಕೆಗೆ ಅಂಕಣ ಬರೆದರು, ಟಿಸಿಎಂನ ಮೊದಲ ದಿನದಿಂದ ಅದರ ಮುಖವಾದರು, 2017ರಲ್ಲಿ ತೀರಿಕೊಂಡರು. ಸೂಟು ಹಾಕಿಕೊಂಡು, ದನಿ ಏರಿಸದೆ, ಈ ಪಾತ್ರಕ್ಕೆ ಮೊದಲು ಯಾರನ್ನು ಕೇಳಿದ್ದರು, ನಾಯಕ ನಾಯಕಿ ಸೆಟ್ಟಿನಲ್ಲಿ ಮಾತು ಬಿಟ್ಟಿದ್ದರಾ ಎಂಬುದನ್ನೆಲ್ಲ ಮನೆಗೆ ಬಂದ ನೆಂಟರಿಗೆ ಹೇಳುವಂತೆ ಹೇಳುತ್ತಿದ್ದರು. 2003ರಲ್ಲಿ ಬಂದ ಮ್ಯಾಂಕವಿಟ್ಸ್ ದೊಡ್ಡ ಮನೆತನದ ಕುಡಿ. ಅಜ್ಜ ಹರ್ಮನ್ ‘ಸಿಟಿಜನ್ ಕೇನ್’ ಚಿತ್ರಕಥೆಗೆ ಆಸ್ಕರ್ ಪಡೆದವರು. ಅಜ್ಜನ ತಮ್ಮ ಜೋಸೆಫ್ ಎರಡು ವರ್ಷ ಸಾಲಾಗಿ ಎರಡೆರಡು ಆಸ್ಕರ್ ಒಯ್ದವರು. ಬೆನ್ ಮಾತಿನಲ್ಲಿ ಕೊಂಚ ಕೊಂಕು, ನಗೆಚಾಟಿಕೆ. ಆಸ್ಬರ್ನ್ ಭಕ್ತರಿಗೆ ಅದೇ ಆಗಿಬರುವುದಿಲ್ಲ. ನನ್ನ ಓಟು ಆಸ್ಬರ್ನ್‌ಗೇ. ಆದರೆ ಆ ಕೊಂಕಿನವನ ಕೈಯಲ್ಲಿ ಸಿನಿಮಾ ಹಗುರಾಯಿತು ಅನ್ನುವ ದೂರನ್ನು ನಾನು ಒಪ್ಪುವುದಿಲ್ಲ.

ನಿಜವಾಗಿ ಜಗಳಕ್ಕೆ ಯೋಗ್ಯವಾದ ಸಂಗತಿ ಇನ್ನೊಂದಿದೆ. 2020ರ ಜೂನ್‌ನಲ್ಲಿ, ಪೊಲೀಸರ ಕೈಯಲ್ಲಿ ಕಪ್ಪು ಮನುಷ್ಯ ಜಾರ್ಜ್ ಫ್ಲಾಯ್ಡ್ ಕೊಲೆಯಾದ ನಂತರದ ದಿನಗಳಲ್ಲಿ, ಎಚ್‌ಬಿಒ ಮ್ಯಾಕ್ಸ್ ಎಂಬ ಆನ್‌ಲೈನ್ ಸಿನಿಮಾ ತಾಣ ‘ಗಾನ್ ವಿತ್ ದ ವಿಂಡ್’ ಚಿತ್ರವನ್ನು ತೆಗೆದುಹಾಕಿತು. ಗುಲಾಮಗಿರಿಯನ್ನು ಚೆಂದಗಾಣಿಸುವ ಸಿನಿಮಾ ಅನ್ನುವ ಆಕ್ಷೇಪ ಸುಳ್ಳೇನಲ್ಲ. ಕೆಲವೇ ದಿನಗಳಲ್ಲಿ ಅದು ಒಂದು ಫ್ರೇಮೂ ಕತ್ತರಿಸದೆ ವಾಪಸ್ ಬಂತು. ಸಿನಿಮಾಕ್ಕೆ ಮುಂಚೆ ಸೇರಿಕೊಂಡದ್ದು ಟಿಸಿಎಂ ನಿರೂಪಕಿ, ಷಿಕಾಗೊ ವಿಶ್ವವಿದ್ಯಾಲಯದ ಪ್ರೊಫೆಸರ್ ಜಾಕ್ಲೀನ್ ಸ್ಟುವರ್ಟ್ ಅವರ ಕೆಲವು ನಿಮಿಷಗಳ ಮಾತು. ಈ ಸಿನಿಮಾದಲ್ಲಿ ನಟಿಸಿ ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ ಹ್ಯಾಟಿ ಮೆಕ್‌ಡೇನಿಯಲ್, ಆ ಸಮಾರಂಭದಲ್ಲೇ ಸಹನಟರಿಂದ ದೂರ, ಬೇರೆ ಮೇಜಿನಲ್ಲಿ ಕೂರಬೇಕಾಯಿತು. ಅಟ್ಲಾಂಟಾದ ಮೊದಲ ಪ್ರದರ್ಶನಕ್ಕೂ ಅವರಿಗೆ ಪ್ರವೇಶವಿರಲಿಲ್ಲ. ಇದನ್ನು ತಿಳಿದುಕೊಂಡು ಕೂತವನು ಆಕೆಯ ಪ್ರತಿ ದೃಶ್ಯವನ್ನೂ ಬೇರೆ ಥರ ನೋಡುತ್ತಾನೆ. ‘ಸಿನಿಮಾ ನೋಡಲು ಬಂದವರಿಗೆ ಪಾಠ ಯಾಕ್ರೀ’ ಅಂತ ಗೊಣಗಿದ ಹಳೇ ಅಭಿಮಾನಿಗಳು ಬಹಳ. ಸ್ವಾಮಿ, ಆ ಮಾತುಗಳಿದ್ದದ್ದರಿಂದಲೇ ಸಿನಿಮಾ ಉಳೀತು. ಇಲ್ಲದಿದ್ದರೆ ಉಳಿದಿದ್ದ ದಾರಿ ಎರಡೇ: ಬಚ್ಚಿಡುವುದು, ಇಲ್ಲವೇ ಏನೂ ಆಗಿಲ್ಲವೆಂಬಂತೆ ತೋರಿಸುವುದು.

ನಾವು ಮಾಡುತ್ತಿರುವುದು ಆ ಎರಡನೆಯದನ್ನು. ‘ಶರಪಂಜರ’ ಮಧ್ಯಾಹ್ನ ಯಾವುದೋ ಚಾನೆಲ್ಲಿನಲ್ಲಿ ಬರುತ್ತದೆ. ಟೈಟಲ್ ಕಾರ್ಡೇ ಹಾರಿಹೋಗಿರುತ್ತದೆ, ಹತ್ತು ನಿಮಿಷಕ್ಕೊಮ್ಮೆ ಸೋಪು, ಮಸಾಲೆಪುಡಿ. ಕಥೆ ತ್ರಿವೇಣಿಯವರದು, 1963ರಲ್ಲೇ ಹೋದ ಅವರು ತಮ್ಮ ‘ಬೆಳ್ಳಿಮೋಡ’ ತೆರೆಗೆ ಬಂದದ್ದನ್ನೂ ನೋಡಲಿಲ್ಲ ಎಂದು ಹೇಳುವವರಿಲ್ಲ. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಬಿದ್ದು ವಾಸಿಯಾಗಿ ಬಂದ ಹೆಂಗಸನ್ನು ಮನೆಯವರೇ ಹೇಗೆ ಮತ್ತೆ ಹುಚ್ಚಿಗೆ ತಳ್ಳುತ್ತಾರೆ ಎಂಬುದರ ಬಗ್ಗೆ ಇವತ್ತಿನ ಕಣ್ಣಿನಿಂದ ಎರಡು ಮಾತಾಡುವವರೂ ಇಲ್ಲ. ‘ನಾಗರಹಾವು’ ನೋಡಿ ತರಾಸು ಅವರು ಇದು ಕೇರೆಹಾವು ಅಂದರೆಂಬ ಮಾತು ಇವತ್ತಿಗೂ ಓಡಾಡುತ್ತದೆ. ಅದನ್ನಾದರೂ ಮೊದಲೇ ಹೇಳಿ ಸಿನಿಮಾ ಶುರು ಮಾಡಿದರೆ ಎಷ್ಟು ಮಜಾ! ಮೊದಲ ಟಾಕಿ ‘ಸತಿ ಸುಲೋಚನ’ದ ಒಂದು ಪ್ರಿಂಟನ್ನೂ ಉಳಿಸಿಕೊಳ್ಳಲಾಗದ ನಾಡು ನಮ್ಮದು. ಉಳಿದವುಗಳ ಬಗ್ಗೆಯಾದರೂ ಬಾಯಿ ಬಿಡಬೇಡವೆ?

ಇದಕ್ಕೆ ಕೋಟಿ ಬೇಡ. ಒಂದು ಕುರ್ಚಿ, ಒಂದು ಕ್ಯಾಮೆರಾ, ಓದಿಕೊಂಡು ಬರುವ ಒಬ್ಬರು ಸಾಕು. ನನ್ನನ್ನು ಕೇಳಿದರೆ ಮೊದಲ ವರ್ಷ ಗಿರೀಶ ಕಾಸರವಳ್ಳಿಯವರನ್ನು ಕೂರಿಸಿ ಅಂತೀನಿ. ದಯವಿಟ್ಟು ಹೀರೋಗಳು ಬೇಡ. ಪುಟ್ಟಣ್ಣನ ಬಗ್ಗೆ ಶುರು ಮಾಡಿ ಎರಡನೇ ವಾಕ್ಯಕ್ಕೇ ತಮ್ಮ ಮುಂದಿನ ಸಿನಿಮಾಕ್ಕೆ ಬಂದುಬಿಡುತ್ತಾರೆ.