ಎಲ್‌ಕೆಜಿಗೆ ಸೇರಿದ ಅಜ್ಜಿ

ಎಲ್‌ಕೆಜಿ ಟೀಚರ್‌ಗೆ ಬಾಯಿಗಿಂತ ಕೈಗೇ ಕೆಲಸ ಜಾಸ್ತಿ. ಮೂಗು ಒರೆಸಬೇಕು, ಟಿಫಿನ್ ಡಬ್ಬಿಯ ಬಿಗಿಯಾದ ಮುಚ್ಚಳ ತೆಗೆದುಕೊಡಬೇಕು, ಜಾರಿದ ಚಡ್ಡಿ ಮೇಲೆಳೆಯಬೇಕು, ಒಂದೇ ಕ್ರೇಯಾನ್‌ಗೆ ಜೋತುಬಿದ್ದ ಇಬ್ಬರನ್ನು ಬಿಡಿಸಬೇಕು. ಇಷ್ಟರ ಮಧ್ಯೆ ಪುಟ್ಟ ಕೈ ಹಿಡಿದು 'ಅ' ತಿದ್ದಿಸಬೇಕು. ಕೊರೊನಾ ಬಂತು ನೋಡಿ, ಮಿಸ್ ಹತ್ತಿರ ಮುಖ ಮತ್ತು ದನಿ ಮಾತ್ರ ಉಳಿದವು. ಕೈ ಹೋಯಿತು.

ಬೆಂಗಳೂರಿನಲ್ಲಿ ಎಲ್‌ಕೆಜಿ, ಯುಕೆಜಿಗೆ ರಜೆ ಕೊಟ್ಟಿದ್ದು 2020ರ ಮಾರ್ಚ್ 9ರಿಂದ, ಲಾಕ್‌ಡೌನ್‌ಗೂ ಮೊದಲೇ. ನಾಲ್ಕು ದಿನ ತಾನೇ ಅಂದುಕೊಂಡೆವು. ಜೂನ್ ಹೊತ್ತಿಗೆ ಶಾಲೆಯೇ ಮೊಬೈಲ್ ಒಳಗೆ ಬಂದು ಕೂತಿತ್ತು. ಅಲ್ಲಿಂದ ಮಿಸ್ ಕೈ ಚಾಚಲಾರರು. ಹಾಗಾಗಿ ಪ್ರತಿ ಮನೆಯಲ್ಲೂ ಒಬ್ಬರು ಅವರ ಕೈಯಾಗಬೇಕಾಯಿತು. ನಮ್ಮಲ್ಲಿ ಪುಟ್ಟಿಯ ಅಪ್ಪ ಅಮ್ಮ ಇಬ್ಬರೂ ಒಂದೊಂದು ರೂಮು ಸೇರಿ ಬಾಗಿಲು ಹಾಕಿಕೊಂಡು ಆಫೀಸು ಮಾಡುತ್ತಿದ್ದರು. ಉಳಿದವರು ಅಜ್ಜಿ. ಬೆಳಿಗ್ಗೆ ಬೇಗ ತಿಂಡಿ ಮುಗಿಸಿ, ಕನ್ನಡಕ ಒರೆಸಿಕೊಂಡು, ಪುಟ್ಟಿಯ ಪಕ್ಕ ಮಣೆ ಹಾಕಿಕೊಂಡು ಕೂತುಬಿಡುತ್ತಿದ್ದರು. ಮ್ಯೂಟ್ ಮಾಡುವುದು ಪುಟ್ಟಿಗೆ ಎರಡೇ ದಿನಕ್ಕೆ ಬಂತು. ಅಜ್ಜಿಗೆ ಕೊನೆಯವರೆಗೂ ಬರಲಿಲ್ಲ. ಸೊಪ್ಪಿನವನ ಹತ್ತಿರ ಅವರು ಮಾಡುತ್ತಿದ್ದ ಚೌಕಾಸಿ ಇಡೀ ಕ್ಲಾಸಿಗೆ ಕೇಳುತ್ತಿತ್ತು.

ಒಂದು ದಿನ ಮಿಸ್, "ಮನೆಯಲ್ಲಿ ದುಂಡಗಿರೋದು ಏನಿದೆ, ಓಡಿಹೋಗಿ ತನ್ನಿ" ಅಂದರು. ತಕ್ಷಣ ಸ್ಕ್ರೀನೆಲ್ಲ ಖಾಲಿ. ಬರೀ ಸೋಫಾ, ಗೋಡೆ, ಒಣಗಲು ಹಾಕಿದ ಬಟ್ಟೆ. ಆಮೇಲೆ ಒಬ್ಬೊಬ್ಬರೇ ಪ್ರತ್ಯಕ್ಷರಾದರು. ತಟ್ಟೆ ಬಂತು, ಬಳೆ ಬಂತು, ಎರಡೂ ಕೈಯಲ್ಲಿ ಎತ್ತಲಾಗದ ತೆಂಗಿನಕಾಯಿ ಬಂತು. ಒಬ್ಬ ತನ್ನ ತಾತನನ್ನೇ ಎಳೆದುಕೊಂಡು ಬಂದು ಬೋಳು ತಲೆ ಬಗ್ಗಿಸಿ ತೋರಿಸಿದ. ಪಾಪ, ತಾತ ಆ ಬಗ್ಗಿದ ಭಂಗಿಯಲ್ಲೇ ಮಿಸ್‌ಗೆ ನಮಸ್ಕಾರ ಹೇಳಿದರು. ನಮ್ಮ ಪುಟ್ಟಿ ಹಿಡಿದಿದ್ದು ಅರ್ಧ ಕಚ್ಚಿದ ದೋಸೆ. ಮಿಸ್ ಏನೋ ಹೇಳುವ ಮುಂಚೆಯೇ ಅಜ್ಜಿ ನಡುವೆ ಬಾಯಿ ಹಾಕಿದರು: "ಹುಯ್ದಾಗ ದುಂಡಗೇ ಇತ್ತು ಮಿಸ್, ಈಗ ತಾನೇ ಕಚ್ಚಿದಾಳೆ!"

ಬರವಣಿಗೆ ಬಂದಾಗ ಮಾತ್ರ ಕಷ್ಟವಾಯಿತು. ತಟ್ಟೆಯಲ್ಲಿ ರಾಗಿಹಿಟ್ಟು ಹರಡಿ ಬೆರಳಿನಿಂದ ಬರೆಸಿ ಅಂದರು ಮಿಸ್. ಅಜ್ಜಿ ಕೈ ಹಿಡಿದು ತಾವು ಕಲಿತ ಹಾಗೆ, ದೊಡ್ಡ ಹೊಟ್ಟೆಯ 'ಅ' ಬರೆಸಿದರು. "ಮಿಸ್ ಹೀಗೆ ಬರೆಯಲ್ಲ" ಅಂತ ಪುಟ್ಟಿ ಕೈ ಕಿತ್ತುಕೊಂಡಳು. ಅಜ್ಜಿಗೆ ಸಿಟ್ಟು. ಹಿಟ್ಟೆಲ್ಲ ಚಾಪೆಯ ಮೇಲೆ.

ಅಷ್ಟರಲ್ಲಿ ಸರ್ಕಾರಕ್ಕೂ ಗಾಬರಿಯಾಗಿತ್ತು. ಐದನೇ ಕ್ಲಾಸಿನವರೆಗೆ ಆನ್‌ಲೈನ್ ಪಾಠವೇ ಬೇಡ ಅಂತ ಜೂನ್‌ನಲ್ಲಿ ಹೇಳಿತು. ತಿಂಗಳ ಕೊನೆಗೆ ಸ್ವಲ್ಪ ಸಡಿಲಿಸಿ, ಎಲ್‌ಕೆಜಿಯಂಥ ಚಿಕ್ಕವರಿಗೆ ವಾರಕ್ಕೊಮ್ಮೆ ಮೂವತ್ತು ನಿಮಿಷ, ಅದೂ ಪೋಷಕರ ಜೊತೆ ಮಾತುಕತೆ ಮಾತ್ರ ಅಂದಿತು. ಜುಲೈನಲ್ಲಿ ವಿಷಯ ಹೈಕೋರ್ಟಿನಲ್ಲಿತ್ತು, ಆದೇಶಕ್ಕೆ ತಡೆ ಬಂತು. ಕೇಂದ್ರದ 'ಪ್ರಜ್ಞಾತಾ' ಮಾರ್ಗಸೂಚಿಯೂ ಹೆಚ್ಚುಕಡಿಮೆ ಅದನ್ನೇ ಹೇಳಿತು: ಪೋಷಕರ ಜೊತೆ, ಮೂವತ್ತು ನಿಮಿಷ ಮೀರಬಾರದು. ಪೇಪರಿನಲ್ಲಿ ಓದಿ ನನಗೆ ನಗು ಬಂತು. ನಮ್ಮ ಮನೆಯಲ್ಲಿ ಮೊದಲಿನಿಂದ ನಡೆದಿದ್ದೇ ಅದು ತಾನೇ? ಅಜ್ಜಿಯ ಅಡ್ಮಿಷನ್ ಈಗ ಅಧಿಕೃತವಾಯಿತು, ಅಷ್ಟೇ.

ನಗುವುದಕ್ಕೂ ಮೊಬೈಲ್ ಇರಬೇಕು ಅನ್ನಿ. ಮನೆಗೆ ಒಂದೇ ಫೋನು, ಅದೂ ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೊರಡುವಂಥದ್ದಾದರೆ ಮಗುವಿಗೆ ಯಾವ ಕ್ಲಾಸು? ಅಂಗನವಾಡಿ ಮಕ್ಕಳಲ್ಲಿ ಎಷ್ಟೋ ಮಂದಿಯ ಕಥೆ ಇದೇ. ಅವರ ಟೀಚರ್‌ಗಳು ರೇಷನ್ ತಲುಪಿಸುತ್ತಾ, ಕೋವಿಡ್ ಸಮೀಕ್ಷೆಗೂ ಓಡಾಡುತ್ತಾ ಇದ್ದರು. ಆದರೂ ಅವರು ಬಾಗಿಲವರೆಗಾದರೂ ಬರುತ್ತಿದ್ದರು.

ಕೊನೆಗೆ 2021ರ ನವೆಂಬರ್ 8ಕ್ಕೆ ಎಲ್‌ಕೆಜಿ, ಯುಕೆಜಿ, ಅಂಗನವಾಡಿ ಎಲ್ಲ ತೆರೆದವು. ಪುಟ್ಟಿ ಆಗಲೇ ಯುಕೆಜಿ, ಮಿಸ್ ಮಾತ್ರ ಅವರೇ. ಮೊದಲ ದಿನ ಮನೆಗೆ ಬಂದವಳೇ ಬ್ಯಾಗ್ ಬಿಸಾಡಿ ಅಡುಗೆಮನೆಗೆ ಓಡಿದಳು. "ಅಜ್ಜೀ, ನಮ್ಮ ಮಿಸ್‌ಗೆ ಕಾಲೂ ಇದೆ!"

ಅಜ್ಜಿ ಒಗ್ಗರಣೆ ಸೌಟು ಕೆಳಗಿಟ್ಟು, "ಹೌದಾ? ಎಷ್ಟು ಎತ್ತರ ಇದಾರೆ?" ಅಂತ ಕೇಳಿದರು.