ಹಳೆ ಉಡುಪಿ ಸೀರೆಯಲ್ಲಿ ಜಿಐ ಗುರುತು ಹುಡುಕಬೇಡಿ: ಒಂದು ಸ್ಪಷ್ಟನೆ

"ಜಿಐ ಗುರುತಿಲ್ಲದ ಉಡುಪಿ ಸೀರೆ ನಕಲಿ. ಆನ್‌ಲೈನ್‌ನಲ್ಲಿ ಹಳೆ ಸೀರೆ ಕೊಂಡು ಮೋಸ ಹೋಗಬೇಡಿ" ಎಂಬ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಉಡುಪಿಯಲ್ಲಿ ಹಳೆ ಬಟ್ಟೆಗಳ ಪುಟ್ಟ ಆನ್‌ಲೈನ್ ಅಂಗಡಿ ನಡೆಸುವ ನಾನು ಇದಕ್ಕೆ ಉತ್ತರ ಕೊಡಲೇಬೇಕು.

ಉಡುಪಿ ಸೀರೆ ಎಂದರೆ ಕೈಮಗ್ಗದಲ್ಲಿ ನೇಯ್ದ ಹತ್ತಿ ಸೀರೆ. ಜಿಐ ಎಂದರೆ ಒಂದು ಊರಿನ ವಿಶಿಷ್ಟ ಉತ್ಪನ್ನಕ್ಕೆ ಸಿಗುವ ಭೌಗೋಳಿಕ ಗುರುತು. ಉಡುಪಿ ಸೀರೆಗೆ ಅದರ ನೋಂದಣಿ ಸಿಕ್ಕಿದ್ದು 2016ರಲ್ಲಿ. ಕೈಮಗ್ಗದ ಬಟ್ಟೆಗೆ ಕೇಂದ್ರ ಸರ್ಕಾರ ಕೊಡುವ 'ಕೈಮಗ್ಗ ಗುರುತು' (ಹ್ಯಾಂಡ್‌ಲೂಮ್ ಮಾರ್ಕ್) ಬಂದದ್ದೇ 2006ರಲ್ಲಿ. ಹಾಗಿರುವಾಗ 1980ರ ದಶಕದಲ್ಲಿ ನೇಯ್ದ ಸೀರೆಗೆ ಇವು ಎಲ್ಲಿಂದ ಬರಬೇಕು? ಅಂಥ ಸೀರೆಗೆ ಜಿಐ ಚೀಟಿ ಅಂಟಿಸಿ ಮಾರಿದರೆ ಅದನ್ನೇ ಅನುಮಾನಿಸಬೇಕು. ಹೊಸ ಸೀರೆ ಕೊಳ್ಳುವವರು ಗುರುತು ಕೇಳುವುದು ಖಂಡಿತ ಸರಿ.

ಹಳೆಯದನ್ನು ಕೈಯಲ್ಲಿ ಹಿಡಿದೇ ನೋಡಬೇಕು. ಎರಡೂ ಅಂಚಿನ ತುದಿಯಲ್ಲಿ ಸೂಜಿ ಚುಚ್ಚಿದಂಥ ಸಣ್ಣ ತೂತುಗಳ ಸಾಲು ಇದೆಯೇ? ನೇಯುವಾಗ ಬಟ್ಟೆಯ ಅಗಲ ಕುಗ್ಗದಂತೆ ಎಳೆದು ಹಿಡಿಯುವ ಪಟ್ಟಿಯ ಮೊಳೆಗಳು ಬಿಟ್ಟ ಗುರುತು ಅದು. ವಿದ್ಯುತ್ ಮಗ್ಗದ ಬಟ್ಟೆಯಲ್ಲೂ ಇಂಥ ತೂತು ಕಾಣಬಹುದು, ಅದೊಂದನ್ನೇ ನಂಬಬೇಡಿ. ಸೆರಗಿನ ಒಂದೆಳೆ ದಾರ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಉಂಡೆಯಾಗುತ್ತದೆ.

ಊರು, ಇಸವಿ ಬಾಯಿಗೆ ಬಂದಂತೆ ಬರೆದು ಮಾರುವವರೂ ಇದ್ದಾರೆ, ಆ ಆತಂಕ ಸುಳ್ಳಲ್ಲ. ಸೀರೆ ಎಲ್ಲಿಂದ ಸಿಕ್ಕಿತು, ಯಾವಾಗ ಕೊಂಡದ್ದು ಎಂದು ಮಾರುವವರನ್ನು ಕೇಳಿ. ತಿಳಿಯದಿದ್ದರೆ 'ಹಳೆ ಹತ್ತಿ ಸೀರೆ' ಎಂದಷ್ಟೇ ಬರೆಯುವುದು ನ್ಯಾಯ. ಅಂಚಿನ ಹರಕು, ಮಳೆಗಾಲದ ಬೂಸ್ಟಿನ ಕಲೆ ಎಲ್ಲವೂ ಫೋಟೊದಲ್ಲಿ ಕಾಣಿಸಬೇಕು.